ಅತ್ತೆಯ ಕೋಲನ್ನು ತೊಳೆಯಬೇಡಿ

ಪಾನೀಯ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಜಪ್ತಿ ಕೋಣೆಯಲ್ಲಿ, ಬಾಯಿ ಬಿಗಿಯಾಗಿ ಅಂಟಿಸಿದ ಒಂದು ಪ್ಲಾಸ್ಟಿಕ್ ಚೀಲದೊಳಗೆ, ನನ್ನ ಅತ್ತೆಯ ಮರದ ಕೋಲು ಇದೆ. ನೋಡಲು ಒಲೆಗೆ ಹಾಕುವ ಸೌದೆಯ ಹಾಗಿದೆ. ಮೊಳದುದ್ದ, ಮೈತುಂಬ ಗೀರುಗಳು, ಗೀರುಗಳ ತುಂಬ ಒಣಗಿದ ಬೂದು ಬಣ್ಣದ ಪದರ. ತಮ್ಮ ಸಿಬ್ಬಂದಿ ಅದನ್ನು ‘ಅಶುಚಿಯಾದ ಮರದ ಉಪಕರಣ’ ಎಂದು ಬರೆದುಕೊಂಡು ಹೋಗಿದ್ದಾರೆ. ಈ ತಿಂಗಳ ಕೊನೆಗೆ ಅದನ್ನು ವಿಲೇವಾರಿ ಮಾಡಲಾಗುವುದೆಂದು ನಮಗೆ ನೋಟಿಸು ಬಂದಿದೆ. ಆದರೆ ತಮಗೆ ಆ ಕಷ್ಟ ಬೀಳಲಾರದು. ಗಾಳಿಯಾಡದ ಆ ಚೀಲದಲ್ಲಿ ಅದು ಬೆವರಿ, ಬೂಷ್ಟು ಹಿಡಿದು, ತಾನಾಗಿಯೇ ಸಾಯುತ್ತಿದೆ.

‘ಸಾಯುತ್ತಿದೆ’ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಆ ಬೂದು ಪದರ ಕೊಳೆಯಲ್ಲ, ಹೆಪ್ಪು. ಹಾಲು ಮೊಸರಾಗಲು ಒಂದು ಚಮಚ ಹಳೆಯ ಮೊಸರು ಬೇಕಾಗುವ ಹಾಗೆ, ನಮ್ಮ ಮನೆಯ ಬಿಯರಿಗೆ ಆ ಕೋಲು ಬೇಕು. ಪ್ರತಿ ಸಲ ಕಲಕಿದ ಮೇಲೆ ಅದನ್ನು ತೊಳೆಯದೆ ನೆರಳಿನಲ್ಲಿ ತೂಗುಹಾಕುತ್ತಾರೆ. ಮುಂದಿನ ಸಲಕ್ಕೆ ಬೇಕಾದ ಜೀವ ಆ ಗೀರುಗಳಲ್ಲಿ ಮಲಗಿರುತ್ತದೆ. ಮಡಕೆಯಲ್ಲಿದ್ದದ್ದನ್ನು ತಮ್ಮವರು ಮೋರಿಗೆ ಸುರಿದರು. ತುಂಬಿಟ್ಟಿದ್ದ ಸೀಸೆಗಳನ್ನೂ ಸುರಿದರು. ಹೀಗಾಗಿ ಈಗ ಉಳಿದಿರುವುದು ಆ ಕೋಲೊಂದೇ. ಅದು ಹೋದರೆ ಹೊಸದು ತರಲು ಅಂಗಡಿಯಿಲ್ಲ.

ಈ ಕ್ರಮಕ್ಕೆ ತಾವು ಕೊಟ್ಟಿರುವ ಆಧಾರ ತಮ್ಮ ತನಿಖಾ ವರದಿಯ ಒಂದು ವಾಕ್ಯ: ‘ಸದರಿ ಮಹಿಳೆಯು ಎಲ್ಲ ಪ್ರಶ್ನೆಗಳಿಗೂ ಸ್ವಇಚ್ಛೆಯಿಂದ ಸಮ್ಮತಿ ಸೂಚಿಸಿ ತಪ್ಪೊಪ್ಪಿಕೊಂಡಿರುತ್ತಾರೆ.’ ನನ್ನ ತಕರಾರು ಇರುವುದು ಈ ವಾಕ್ಯದ ಬಗ್ಗೆ. ವ್ಯಾಕರಣ ಸರಿಯಾಗಿದೆ, ಸಹಿ ಸರಿಯಾಗಿದೆ, ಮೊಹರು ನೆಟ್ಟಗೆ ಬಿದ್ದಿದೆ. ನಿಜವೊಂದನ್ನು ಬಿಟ್ಟು ಉಳಿದದ್ದೆಲ್ಲ ಅಚ್ಚುಕಟ್ಟಾಗಿದೆ.

ನನ್ನ ಬಗ್ಗೆ ಎರಡು ಮಾತು. ನಾನು ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವವಳು. ಗಾಜಿನ ಕಿಟಕಿಯಿರುವ ಸಣ್ಣ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಯಂತ್ರ ಹಾಕಿ, ಬೇರೆ ಬೇರೆ ಸದ್ದು ಕಳಿಸಿ, ಕೇಳಿಸಿದಾಗ ಗುಂಡಿ ಒತ್ತಲು ಹೇಳುವುದು ನನ್ನ ಕೆಲಸ. ಓದಿದ್ದು ಇಂಗ್ಲಿಷಿನಲ್ಲಿ. ಅರ್ಜಿ ಬರೆಯಲು ಕೂತರೆ ಇಂದಿಗೂ ವಾಕ್ಯಗಳು ಮೊದಲು ಆ ಭಾಷೆಯಲ್ಲೇ ಬರುತ್ತವೆ, ಬಂದಾಗ ತೀರ ಮರ್ಯಾದಸ್ಥವಾಗಿರುತ್ತವೆ. ತಮಗೆ ಬರೆದ ಮೊದಲ ಮೂರ್ನಾಲ್ಕು ಪತ್ರಗಳು ಅಂಥವು. ಅವಕ್ಕೆ ಉತ್ತರ ಬರಲಿಲ್ಲ. ಈ ಸಲ ಅತ್ತೆಯೇ ಹೇಳಿದರು: “ನಂಗೆ ಓದೋಕೆ ಬರೋ ಭಾಷೇಲಿ ಬರಿ. ನನ್ ವಿಷ್ಯ ಬರೀತೀಯ, ನಂಗೇ ಗೊತ್ತಾಗ್ಬಾರ್ದಾ?”

ನಮ್ಮ ಮನೆಯಲ್ಲಿ ಆ ಬಿಯರಿಗೆ ‘ಬುರುಗು’ ಎಂದು ಹೆಸರು. ಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ತರಿತರಿಯಾಗಿ ಬೀಸಿ, ಬಿಸಿನೀರಿನಲ್ಲಿ ನೆನೆಸಿ, ಆಮೇಲೆ ಕುದಿಸಿ, ಉಗುರುಬೆಚ್ಚಗಾದಾಗ ಮಡಕೆಗೆ ಸುರಿದು, ಕೋಲಿನಿಂದ ಕಲಕಿ, ಬಾಯಿಗೆ ಬಟ್ಟೆ ಕಟ್ಟಿ ಬಿಡುವುದು. ಹೇಳುವುದಕ್ಕೆ ಇಷ್ಟೇ. ಅತ್ತೆಗೆ ಇದು ಅವರ ಅತ್ತೆಯಿಂದ ಬಂದದ್ದು. ನಾವು ಈಗಿರುವ ಇಕ್ಕಟ್ಟಾದ ಮನೆಗೆ ಬಂದ ಮೇಲೆ ಅವರು ಮಾಡುವುದನ್ನು ಬಿಟ್ಟಿದ್ದರು. ಕೋಲು ಬಟ್ಟೆಯ ಚೀಲದಲ್ಲಿ ಅಟ್ಟ ಸೇರಿತ್ತು. ಅವರ ವಾರಗಿತ್ತಿ ತೀರಿಕೊಂಡ ದಿನ, ಮಣ್ಣು ಮುಗಿಸಿ ಬಂದು ಬಾಗಿಲಲ್ಲೇ ಕೂತು ಹೇಳಿದರು: “ಇನ್ನು ನಾನೊಬ್ಳೇ ಉಳ್ದೆ ಕಣೇ. ನಾನೂ ಹೋದ್ರೆ, ಬುರುಗು ಅಂದ್ರೆ ಸೋಪಿಂದು ಅಂದ್ಕೋತಾರೆ ಜನ.” ಮರುವಾರವೇ ಅಟ್ಟದಿಂದ ಕೋಲು ಇಳಿಯಿತು.

ಆದರೆ ಬುರುಗು ಸರಿಹೋಗಲಿಲ್ಲ. ಪ್ರತಿ ಸಲವೂ ಸಿಹಿಸಿಹಿಯಾಗಿ, ಮಂದವಾಗಿ, ಕುಡಿದವರ ಹೊಟ್ಟೆಯನ್ನು ಡೋಲು ಮಾಡುತ್ತಿತ್ತು. ಅತ್ತೆ ಮೊದಲು ಜೋಳವನ್ನು ಬೈದರು. ಆಮೇಲೆ ನಲ್ಲಿ ನೀರನ್ನು, ಆಮೇಲೆ ಮಡಕೆ ಮಾಡಿದವನನ್ನು, ಕೊನೆಗೆ ನನ್ನ ಕೈಗುಣವನ್ನು. ಫ್ರಿಜ್ ರಿಪೇರಿ ಮಾಡುವ ನನ್ನ ಗಂಡ ಒಂದು ಗುಟುಕು ಕುಡಿದು, “ಅಮ್ಮ, ಇದು ಬುರುಗಲ್ಲ. ಗಂಜಿಗೆ ಜ್ವರ ಬಂದಿದೆ” ಎಂದು ಹೇಳಿ ಬೈಸಿಕೊಂಡರು.

ಬುರುಗು ಆಗಿದೆಯೇ ಇಲ್ಲವೇ ಎಂದು ನೋಡುವ ಪದ್ಧತಿ ವಿಚಿತ್ರವಾದದ್ದು. ಬಟ್ಟೆ ಬಿಚ್ಚುವ ಹಾಗಿಲ್ಲ, ಬೆರಳು ಅದ್ದುವ ಹಾಗಿಲ್ಲ. ಮಡಕೆಯ ಹೊಟ್ಟೆಗೆ ಕಿವಿ ಇಟ್ಟು ಕೇಳಬೇಕು. ಮೊದಲು ಅದು ಗೊಣಗುತ್ತದೆ. ಆಮೇಲೆ ಜಗಳಕ್ಕೆ ಬೀಳುತ್ತದೆ. ಜಗಳ ಮುಗಿದ ಮೇಲೆ ಚಾಡಿ ಹೇಳುತ್ತದೆ, ಪಿಸಪಿಸ ಎಂದು, ಎಡೆಬಿಡದೆ. ಕೊನೆಗೆ ಒಂದೊಂದೇ ನಿಟ್ಟುಸಿರು. ನಿಟ್ಟುಸಿರಿಗೆ ಬಂದಾಗ ಮಾತ್ರ ಸೋಸಬೇಕು. ಗೊಣಗು, ಜಗಳ, ಚಾಡಿ, ನಿಟ್ಟುಸಿರು: ಈ ಮಾತುಗಳೂ ಅತ್ತೆಯ ಅತ್ತೆಯವು. ಸಂಸಾರ ನಡೆಸಿದ ಹೆಂಗಸರು ಮಾಡಿದ ಪದಕೋಶ ಎಂದು ಕೇಳಿದೊಡನೆ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಅತ್ತೆ ಮಡಕೆಗೆ ಕಿವಿ ಇಟ್ಟದ್ದನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಕೇಳಿಸುತ್ತಿರುವವರ ಮುಖ ಯಾವುದು, ಕೇಳಿಸಿದಂತೆ ತೋರಿಸಿಕೊಳ್ಳುವವರ ಮುಖ ಯಾವುದು ಎಂದು ಗುರುತಿಸುವುದು ನನಗೆ ಅನ್ನ ಕೊಡುವ ವಿದ್ಯೆ. ನನ್ನ ಕೋಣೆಯಲ್ಲಿ ಕೆಲವರು ಸದ್ದು ಕೇಳದಿದ್ದರೂ ನನ್ನನ್ನು ಸಂತೋಷಪಡಿಸಲು ಗುಂಡಿ ಒತ್ತುತ್ತಾರೆ. ಅತ್ತೆಯದು ಆ ಮುಖ. “ಮುಗೀತು, ಸೋಸೋಣ” ಎಂದರು. ನಾನು ಮಡಕೆಯ ಈಚೆ ಬದಿಗೆ ಕಿವಿ ಇಟ್ಟೆ. ಒಳಗೆ ಕಾಗದದ ಮೇಲೆ ಕಾಗದ ಉಜ್ಜಿದಂಥ ಸಣ್ಣ ಸದ್ದು ನಿಲ್ಲದೆ ನಡೆದಿತ್ತು.

“ಅತ್ತೆ, ಇನ್ನೂ ಸದ್ದಿದೆ.”

“ಗೊತ್ತು ಬಿಡು.”

ಸ್ವಲ್ಪ ಹೊತ್ತು ಒಲೆಯ ಕಟ್ಟೆ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು: “ಎಂಥಾ ಸದ್ದು?”

ಊಟದ ಡಬ್ಬಿ ತಂದುಕೊಡುವ ನೆಪದಲ್ಲಿ ಅವರು ಆಸ್ಪತ್ರೆಗೆ ಬಂದರು. ಪರೀಕ್ಷೆ ಮಾಡಿದೆ. ದಪ್ಪ ಸದ್ದುಗಳು ಪರವಾಗಿಲ್ಲ. ಸಣ್ಣ, ಚೂಪು ಸದ್ದುಗಳು ಎರಡು ಕಿವಿಗಳಿಗೂ ಹೆಚ್ಚುಕಡಿಮೆ ಇಲ್ಲ, ಬಲಗಡೆಯಂತೂ ತೀರ ಕಡಿಮೆ. ಅವರ ಭಾಷೆಯಲ್ಲೇ ಹೇಳಿದೆ: “ಜಗಳ ಕೇಳಿಸತ್ತೆ ಅತ್ತೆ, ಚಾಡಿ ಕೇಳಿಸಲ್ಲ.” “ಒಳ್ಳೇದೇ ಆಯ್ತಲ್ಲ, ಪುಣ್ಯ” ಎಂದು ನಕ್ಕರು. ಮೆಟ್ಟಿಲಿಳಿಯುವಾಗ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. “ಯಾರಿಗೂ ಹೇಳ್ಕೂಡ್ದು. ಆಣೆ ಮಾಡು. ಕಿವುಡಿ ಮಾಡಿದ ಬುರುಗು ಅಂದ್ರೆ ಯಾರು ಬಾಯಿಗೆ ಇಡ್ತಾರೆ?”

ಆಣೆ ಮಾಡಿದೆ. ಮುಂದಿನ ಮಡಕೆಗೆ ಕಿವಿ ನನ್ನದು, ಕೈ ಅವರದು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಮಾತಿನಲ್ಲಿ ಮುಟ್ಟಿಸುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. “ಚಾಡಿ ಅಂದ್ರೆ ಒಬ್ಳು ಹೇಳೋ ಚಾಡಿನಾ, ಇಬ್ರು ಸೇರ್ಕೊಂಡು ಹೇಳೋದಾ?” ಎಂದು ಅವರು ಕೇಳುವರು, ನಾನು ಮತ್ತೆ ಕಿವಿ ಇಡುವೆ. “ಅಮ್ಮ ಮಡಕೆ ಹತ್ರ ಮಾತಾಡ್ತಾಳೆ, ನೀನು ದುಭಾಷಿ” ಎಂದು ನನ್ನ ಗಂಡ ಕಾಡಿಸುತ್ತಿದ್ದರು. ಅಂತೂ ನಿಟ್ಟುಸಿರು ಬಂತು. ಸೋಸಿದೆವು. ಮೂಲೆಮನೆಯ ಮುದುಕ ಬಡಗಿ, ಚಿಕ್ಕಂದಿನಲ್ಲಿ ಇದನ್ನು ಕುಡಿದು ಬಲ್ಲವರು, ಒಂದು ಲೋಟ ಪೂರ್ತಿ ಕುಡಿದರು. ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದರು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಇವನಿಗೆ ಮೊದ್ಲಿಂದ್ಲೂ ಆಸೆ ಜಾಸ್ತಿ” ಎಂದರು. ನನಗೇ ಆ ರುಚಿ ಇನ್ನೂ ಪೂರ್ತಿ ಹಿಡಿಸಿಲ್ಲ. ಹುಳಿ, ಹೊಗೆ, ಒದ್ದೆ ಮಣ್ಣಿನ ವಾಸನೆ. ಆದರೆ ಆ ದಿನ ಅತ್ತೆ ನಡೆದ ನಡಿಗೆ ಬೇರೆ ಥರ ಇತ್ತು.

ಕುಡಿತದ ಪರವಾಗಿ ವಕಾಲತ್ತು ಹಾಕಲು ನಾನು ಈ ಪತ್ರ ಬರೆಯುತ್ತಿಲ್ಲ. ನನ್ನ ಸೋದರಮಾವ ಕುಡಿದೇ ಹೋದರು. ಆ ಮನೆಯ ಬಾಗಿಲು ಯಾವ ಸಂಜೆ ಹೇಗೆ ಬಡಿಯುತ್ತಿತ್ತೆಂದು ನನಗೆ ಗೊತ್ತು. ತಮ್ಮಂಥ ಕಚೇರಿ ಬೇಕು. ಏನನ್ನು ಯಾರು ಯಾರಿಗೆ ಕುಡಿಸುತ್ತಿದ್ದಾರೆ ಎಂದು ಕೇಳುವವರು ಇರಬೇಕು. ಹಾಗಾಗಿಯೇ, ಮನೆಗಳಲ್ಲಿ ಹಳೆಯ ಪದ್ಧತಿಯ ಬಿಯರು ಮಾಡುವವರು ಮನೆಮಟ್ಟಿನ ಬಳಕೆಗೆ ಅನುಮತಿ ಪಡೆಯಬಹುದೆಂದು ತಾವು ಪ್ರಕಟಣೆ ಹೊರಡಿಸಿದಾಗ ಅರ್ಜಿ ಹಾಕೋಣ ಎಂದವಳು ನಾನು. ಅತ್ತೆಗೆ ಮನಸ್ಸಿರಲಿಲ್ಲ. “ಕೇಳೋಕೆ ಹೋದ್ರೆ ‘ಬೇಡ’ ಅಂತಾರೆ. ಕೇಳ್ದೇ ಇದ್ರೆ ಯಾರೂ ಏನೂ ಅನ್ನಲ್ಲ” ಎಂದರು. ಕಾನೂನು, ಹಕ್ಕು ಎಂದು ನಾನು ದೊಡ್ಡ ಮಾತಾಡಿದೆ. ಕದ್ದು ಮಾಡುವವರು ಇಂದಿಗೂ ತಮ್ಮ ಕಚೇರಿಯ ಹಿಂದಿನ ಗಲ್ಲಿಯಲ್ಲೇ ಸುಖವಾಗಿದ್ದಾರೆ. ಕೇಳಿ ಮಾಡಹೊರಟ ನಮ್ಮ ಮನೆಗೆ ಮಾತ್ರ ಜೀಪು ಬಂತು. ಅತ್ತೆಯ ಲೋಕಜ್ಞಾನ ಸರಿ, ನನ್ನ ನಾಗರಿಕ ಪ್ರಜ್ಞೆ ತಪ್ಪು ಎಂದು ತಾವೇ ತೀರ್ಪು ಕೊಟ್ಟಂತಾಗಲಿಲ್ಲವೇ?

ಮಾದರಿ ತರಲು ತಾವು ಗೊತ್ತುಮಾಡಿದ ದಿನ ಮಡಕೆ ಇನ್ನೂ ಚಾಡಿಯಲ್ಲಿತ್ತು. ದಿನ ಮುಂದೂಡಿ ಎಂದು ಕೇಳಿದೆ, ಆಗಲ್ಲ ಎಂದರು. ಸೀಸೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಗುವನ್ನು ಎತ್ತಿಕೊಂಡ ಹಾಗೆ ಬಸ್ಸಿನಲ್ಲಿ ತಂದೆ. ಮಾದರಿ ಸ್ವೀಕರಿಸುವ ಮೇಜಿನಲ್ಲಿದ್ದ ಅಧಿಕಾರಿ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಬಿರಡೆ ಜಡಿದು, ತಂತಿ ಸುತ್ತಿ, ಅರಗು ಕರಗಿಸತೊಡಗಿದರು.

“ಸಾರ್, ಇದನ್ನು ಬಿಗಿ ಮಾಡಬೇಡಿ. ಒಳಗೆ ಇನ್ನೂ ಹುದುಗು ನಡೀತಿದೆ. ಒಡೆಯತ್ತೆ.”

“ನಿಮಗೆ ಹೇಗೆ ಗೊತ್ತು?”

“ಸದ್ದು ಕೇಳಿ.”

ಅವರು ಪಕ್ಕದ ಮೇಜಿನವರನ್ನು ನೋಡಿದರು. “ಬಿಯರು ಮಾತಾಡತ್ತಂತೆ ಕಣ್ರೀ! ಕುಡಿದವರು ಮಾತಾಡೋದು ನೋಡಿದ್ದೆ.” ಮೇಜುಗಳೆಲ್ಲ ನಕ್ಕವು. ನಾನೂ ಸ್ವಲ್ಪ ನಕ್ಕೆ, ಅದು ನನ್ನ ಅಭ್ಯಾಸ. ಆಮೇಲೆ ಮತ್ತೆ ಹೇಳಿದೆ. “ಮೇಡಂ, ಬಿಗಿಯಿಲ್ಲದ ಮಾದರಿ ಮಾದರಿಯೇ ಅಲ್ಲ. ನಿಯಮ. ತಂದಿದ್ದೀರಿ, ಬಿಟ್ಟು ಹೋಗಿ. ಇಲ್ಲ ಅಂದ್ರೆ ಅರ್ಜಿ ವಜಾ.” ಅರಗು ತೊಟ್ಟಿಕ್ಕಿತು, ಮೊಹರು ಬಿತ್ತು, ಸೀಸೆ ಕಿಟಕಿಯ ಬಿಸಿಲು ಬೀಳುವ ಬೀರುವಿಗೆ ಹೋಯಿತು. ಅರ್ಜಿ ವಜಾ ಆದರೂ ಸರಿ ಎಂದು ಆ ಸೀಸೆಯನ್ನು ಕಸಿದುಕೊಂಡು ಬರಬೇಕಿತ್ತೇ? ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುತ್ತೇನೆ. ಕಚೇರಿಗೆ ಫೋನು ಮಾಡಿದೆ, ಮತ್ತೆ ಮಾಡಿದೆ. “ಮಾದರಿ ಭದ್ರವಾಗಿದೆ ಮೇಡಂ, ಗಾಬರಿ ಬೇಡ” ಎಂದರು. ಅದು ಭದ್ರವಾಗಿದೆ ಎಂಬುದೇ ನನ್ನ ಗಾಬರಿ ಎಂದು ಹೇಗೆ ಹೇಳುವುದು?

ಒಡೆಯಿತು. ಬೀರುವಿನ ಬಾಗಿಲು ತೆಗೆಯುತ್ತಿದ್ದ ಗುಮಾಸ್ತೆಯೊಬ್ಬರ ಅಂಗೈಗೆ ಗಾಜು ಹೊಕ್ಕಿತು, ಹೊಲಿಗೆ ಬಿತ್ತು. ಇದರ ಬಗ್ಗೆ ನನ್ನ ಬಳಿ ವ್ಯಂಗ್ಯವಿಲ್ಲ. ನಾನು ಅವರ ಮನೆಗೆ ಹೋದೆ. ಬಾಗಿಲಲ್ಲೇ ಉಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಒಳಗೆ ಕೂರಿಸಿ, ಎಡಗೈಯಲ್ಲಿ ನೀರು ತಂದುಕೊಟ್ಟು ಹೇಳಿದರು: “ಬೀರು ಒಳಗಿಂದ ಎರಡು ದಿನದಿಂದ ಸುಯ್ ಅಂತಿತ್ತು ಮೇಡಂ. ನಾನೂ ಹೇಳ್ದೆ. ‘ನಿಮ್ಗೂ ಮಾತಾಡ್ತಾ?’ ಅಂದ್ರು. ಸುಮ್ನಾದೆ.” ಇದನ್ನು ಬರೆಯಬಹುದೇ ಎಂದು ಕೇಳಿದೆ. “ಬರೀರಿ. ನನ್ ಕೈ ಅಂತೂ ಎಲ್ರಿಗೂ ಕಾಣ್ತಿದೆ” ಎಂದರು.

ಹೀಗೆ ಎಚ್ಚರಿಸಿದವರು ಇಬ್ಬರು. ಅವರಲ್ಲಿ ಒಬ್ಬರಿಗೆ ಹೊಲಿಗೆ, ಇನ್ನೊಬ್ಬರಿಗೆ ‘ಅಪಾಯಕಾರಿ ವಸ್ತುವನ್ನು ಸರ್ಕಾರಿ ಕಚೇರಿಗೆ ತಂದ’ ಆರೋಪ. ಮೊಹರು ಹಾಕಿದವರಿಗೆ ಏನಾಯಿತು? ಅವರಿಗೆ ನಮ್ಮ ಮನೆಯ ತನಿಖೆಯ ಜವಾಬ್ದಾರಿ ಸಿಕ್ಕಿತು.

ಅವರು ಬಂದಾಗ ನಾನು ಕೆಲಸದಲ್ಲಿದ್ದೆ, ನನ್ನ ಗಂಡ ಯಾರದೋ ಫ್ರಿಜ್ಜಿನ ಹಿಂದಿದ್ದರು. ಮನೆಯಲ್ಲಿ ಅತ್ತೆ ಒಬ್ಬರೇ. ನಡೆದದ್ದನ್ನು ನಾನು ಕೇಳಿದ್ದು ಮೇಲ್ಮನೆಯ ಟೈಲರಮ್ಮನಿಂದ; ಸದ್ದು ಕೇಳಿ ಅವರು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದಿದ್ದರು. ಅಧಿಕಾರಿ ಹುಳಿವಾಸನೆ ತಡೆಯಲಾರದೆ ಮೂಗಿಗೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅತ್ತೆಯ ಬಲಗಡೆ ನಿಂತಿದ್ದರಂತೆ. ಕಿವಿ ಮಂದವಾದವರು ಅರ್ಧ ಕೇಳುವುದು ತುಟಿ ನೋಡಿ. ಬಟ್ಟೆಯ ಹಿಂದಿನಿಂದ, ಕೇಳಿಸದ ಕಿವಿಯ ಕಡೆಯಿಂದ, ವಿಚಾರಣೆ ನಡೆಯಿತು.

“ಅಜ್ಜಿ, ಇದನ್ನ ನೀವೇ ಮಾಡೋದಾ?”

“ಹ್ಞೂಂ.”

“ಮಾರ್ತೀರಾ?”

“ಹ್ಞೂಂ.”

“ಅಕ್ಕಪಕ್ಕದ ಮಕ್ಕಳಿಗೂ ಕೊಡ್ತೀರಂತೆ?”

“ಹ್ಞೂಂ ಹ್ಞೂಂ, ಪಾಪ.”

“ನಶೆ ಏರ್ಲಿ ಅಂತ ಮಾತ್ರೆ ಗೀತ್ರೆ ಬೆರೆಸ್ತೀರಾ?”

“ಹೌದಪ್ಪ, ನೀ ಹೇಳ್ದ ಹಾಗೇ. ಕೂತ್ಕೋ, ನೀರು ಕೊಡ್ಲಾ?”

ಮಾರುವುದಿಲ್ಲ, ಮಕ್ಕಳಿಗೆ ವಾಸನೆಯನ್ನೂ ತೋರಿಸುವುದಿಲ್ಲ, ಮಾತ್ರೆ ಎಂದರೆ ಅವರಿಗೆ ಬಿ.ಪಿ.ಯದು. ಅವರಿಗೆ ಒಂದು ಪ್ರಶ್ನೆಯೂ ಮುಟ್ಟಿರಲಿಲ್ಲ. ಕೇಳಿಸದವರು ತಲೆಯಾಡಿಸುತ್ತಾರೆ, ಮಾನ್ಯರೇ. ಇದು ಸುಳ್ಳಲ್ಲ, ಒಪ್ಪಿಗೆಯೂ ಅಲ್ಲ. ಎದುರಿಗಿರುವವರಿಗೆ ಮತ್ತೆ ಮತ್ತೆ ತೊಂದರೆ ಕೊಡಬಾರದೆಂಬ ಮರ್ಯಾದೆ, ತನ್ನ ಕೊರತೆ ಬಯಲಾಗಬಾರದೆಂಬ ಮಾನ. ನನ್ನ ಕೋಣೆಯಲ್ಲಿ ಇದನ್ನು ನಿತ್ಯ ನೋಡುತ್ತೇನೆ. ಟೈಲರಮ್ಮನಿಗೆ ತಡೆಯಲಾಗಲಿಲ್ಲ. “ಸಾರ್, ಅವ್ರಿಗೆ ಕಿವಿ...” ಎಂದರು. “ನೀವು ಮಧ್ಯ ಬಾಯಿ ಹಾಕ್ಬೇಡಿ” ಎಂದು ಅಧಿಕಾರಿ ಗದರಿದರು. ದುರದೃಷ್ಟಕ್ಕೆ ಟೈಲರಮ್ಮನ ಬಾಯಿಗೆ ಕರವಸ್ತ್ರವಿರಲಿಲ್ಲ. ‘ಕಿವಿ’ ಎಂಬುದನ್ನು ಅತ್ತೆ ಅವರ ತುಟಿಯ ಮೇಲೇ ಓದಿಬಿಟ್ಟರು. ಕೆರಳಿದರು. “ನನ್ ಕಿವಿಗೇನಾಗಿದ್ಯೇ? ಇಲಿ ಓಡಾಡಿದ್ರೂ ಕೇಳ್ಸತ್ತೆ ನಂಗೆ!” ಅದನ್ನೂ ತಮ್ಮ ವರದಿಯಲ್ಲಿ ಬರೆಯಲಾಗಿದೆ: ‘ಶ್ರವಣಶಕ್ತಿ ಉತ್ತಮವಾಗಿದೆಯೆಂದು ತಾವೇ ತಿಳಿಸಿರುತ್ತಾರೆ.’ ಅತ್ತೆಯ ಬಾಯಿಂದ ಬಂದ ಮಾತುಗಳಲ್ಲಿ ತಾವು ಒಂದನ್ನೂ ಬಿಟ್ಟಿಲ್ಲ. ಅವರ ಕಿವಿಗೆ ಹೋದದ್ದೆಷ್ಟು ಎಂದು ಮಾತ್ರ ನೋಡಲಿಲ್ಲ.

ಮಡಕೆ ಬಗ್ಗಿಸಿದಾಗಲೇ ಅತ್ತೆಗೆ ಏನೋ ನಡೆಯುತ್ತಿದೆ ಎಂದು ಅರಿವಾದದ್ದು. ಅಷ್ಟರಲ್ಲಿ ಕೋಲು ಚೀಲ ಸೇರಿತ್ತು.

ಸಂಜೆ ನಾನು ಬಂದಾಗ ಅತ್ತೆ ಅಡುಗೆಮನೆಯಲ್ಲಿ ಖಾಲಿ ಮಡಕೆಯ ಪಕ್ಕ ಕೂತಿದ್ದರು. “ಅವ್ನು ಏನೇನೋ ಕೇಳ್ದ. ನಾನು ಒಳ್ಳೇ ಮಾತಲ್ಲೇ ಉತ್ರ ಕೊಟ್ಟೆ. ಆದ್ರೂ ತಗೊಂಡ್ ಹೋದ” ಎಂದರು. ಏನು ಕೇಳಿದ ಎಂದು ನಾನು ಕೇಳಲಿಲ್ಲ. ಅಂದಿನಿಂದ ದಿನವೂ ನಾನು ಚಪ್ಪಲಿ ಬಿಡುವ ಮೊದಲೇ ಅವರ ಪ್ರಶ್ನೆ: “ಫೋನ್ ಬಂತಾ?” ನೋಟಿಸು ಬಂದ ಮೇಲೆ ಫೋನು ಮಾಡಿದ್ದು ನಾನೇ. ತಮ್ಮ ಕಚೇರಿಯವರು ಅಂದು ಒಳ್ಳೆಯ ಮನಸ್ಥಿತಿಯಲ್ಲಿದ್ದರು. “ಮೇಲ್ಮನವಿ ಹಾಕ್ಕೊಳ್ಳಿ. ವಾಪಸ್ ಕೊಡೋದೇ ಆದ್ರೆ ಫಿನಾಯಿಲ್ ಹಾಕಿ ಚೆನ್ನಾಗಿ ತೊಳೆದೇ ಕೊಡ್ತೀವಿ ಬಿಡಿ ಮೇಡಂ” ಎಂದರು. ಫೋನು ಇಟ್ಟುಬಿಟ್ಟೆ. ತಮ್ಮ ಕೋಪಕ್ಕಿಂತ ತಮ್ಮ ಕೃಪೆಗೆ ನಾನು ಹೆಚ್ಚು ಹೆದರಿದ್ದು ಆಗ.

ಮೇಲ್ಮನವಿಗೆ ಬೇಕಾದ ಆಧಾರ ನನ್ನ ಬಳಿಯೇ ಇತ್ತು. ಅತ್ತೆಯ ಕಿವಿ ಪರೀಕ್ಷೆಯ ಫಲಿತಾಂಶ ತೋರಿಸಿದರೆ ಆ ತಪ್ಪೊಪ್ಪಿಗೆ ನಿಲ್ಲುವುದಿಲ್ಲ. ಆದರೆ ಆಣೆ ಮಾಡಿದ್ದೆ. ತೋರಿಸದಿದ್ದರೆ ಕೋಲು ಹೋಗುತ್ತದೆ. ತೋರಿಸಿದರೆ ಬುರುಗಿನವಳು ಎಂದು ಅವರು ಇಷ್ಟು ವರ್ಷ ಹೊತ್ತ ಹೆಸರು ಹೋಗುತ್ತದೆ. ಕಿವಿಯಿಂದ ನಡೆಯುವ ಕಸುಬಿನಲ್ಲಿ ಕಿವುಡಿ ಎಂದು ಊರ ಮುಂದೆ ಹೇಳಿಕೊಳ್ಳುವುದೆಂದರೇನು? ರೋಗಿಗಳ ಗುಟ್ಟು ಕಾಯುವುದು ನನ್ನ ವೃತ್ತಿಧರ್ಮ, ಅತ್ತೆಯ ಮಾನ ಕಾಯುವುದು ಮನೆಧರ್ಮ. ಎರಡೂ ‘ಸುಮ್ಮನಿರು’ ಎಂದೇ ಹೇಳುತ್ತಿದ್ದವು. ಅವರ ಒಳಿತಿಗಾಗಿಯೇ ಅವರನ್ನು ಕೇಳದೆ ಬರೆದುಬಿಡಬಹುದಿತ್ತು. ಒಂದು ದಿನ ಹಾಗೆ ಬರೆಯಲು ಕೂತೂ ಇದ್ದೆ. ಆಗ ಹೊಳೆಯಿತು: ಅವರಿಗೆ ಕೇಳಿಸದ ಹಾಗೆ ಅವರ ಬಗ್ಗೆ ತೀರ್ಮಾನ ಮಾಡುವುದನ್ನು ತಮ್ಮ ಕಚೇರಿ ಆಗಲೇ ಮಾಡಿದೆ. ಇನ್ನೊಬ್ಬರು ಬೇಕೇ?

ಹಾಗಾಗಿ ಅವರ ಎಡಗಡೆ ಕೂತು, ಮುಖಕ್ಕೆ ಮುಖ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಪ್ರತಿ ಪ್ರಶ್ನೆ, ಅದಕ್ಕೆ ಅವರು ಆಡಿಸಿದ ತಲೆ. ಮಕ್ಕಳ ಮಾತು ಬಂದಾಗ ಬಾಯಿಗೆ ಸೆರಗು ಹಿಡಿದರು. “ನಾನು ಹ್ಞೂಂ ಅಂದ್ನಾ? ಅದಕ್ಕೂ?”

“ಅದಕ್ಕೂ ಅಂದ್ರಿ, ಅತ್ತೆ.”

ಎದ್ದು ಹೋಗಿ, ಕೋಲು ತೂಗುಹಾಕುವ ಮೊಳೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಆಮೇಲೆ, ಬೆನ್ನು ಹಾಕಿಕೊಂಡೇ ಹೇಳಿದರು: “ಬರಿ. ಕಿವುಡಿ ಅಂತ್ಲೇ ಬರಿ. ಮಂದ ಗಿಂದ ಅಂತ ಒಪ್ಪ ಮಾಡ್ಬೇಡ. ಈಗಿನ ಬುರುಗಿಗೆ ಕಿವಿ ಸೊಸೇದು, ಕೈ ನಂದು ಅಂತಾನೂ ಬರಿ. ಕುಡಿಯೋರು ಕುಡೀಲಿ, ಬಿಡೋರು ಬಿಡ್ಲಿ. ಕೋಲು ಬರ್ಲಿ.”

ಬರೆದಿದ್ದೇನೆ. ಈಗ ಬೇಡಿಕೆ.

ಈ ಪತ್ರ ಓದಿದ ದಿನವೇ ಯಾರನ್ನಾದರೂ ಜಪ್ತಿ ಕೋಣೆಗೆ ಕಳಿಸಿ, ಆ ಚೀಲದ ಬಾಯಿ ಬಿಚ್ಚಿಸಿ. ಕೋಲನ್ನು ಹೊರಗೆ ತೆಗೆದು, ಬಿಸಿಲು ಬೀಳದ, ಗಾಳಿಯಾಡುವ ಕಡೆ ತೂಗುಹಾಕಲಿ. ಬೂಷ್ಟು ಕಂಡರೆ ಕೆರೆಯುವುದು ಬೇಡ, ನಮಗೆ ತಿಳಿಸಿ. ನೀರು ಬೇಡ, ಸೋಪು ಬೇಡ, ಫಿನಾಯಿಲ್ ಖಂಡಿತ ಬೇಡ. ಪ್ರಕರಣ ಮುಗಿಯುವವರೆಗೆ ಅದು ತಮ್ಮ ವಶದಲ್ಲೇ ಇರಲಿ, ಅಡ್ಡಿಯಿಲ್ಲ, ಜೀವಂತವಾಗಿರಲಿ, ಅಷ್ಟೆ. ತಪ್ಪೊಪ್ಪಿಗೆ ಎಂದು ಕರೆದಿರುವುದನ್ನು ರದ್ದು ಮಾಡಿ, ಅತ್ತೆಯ ಹೇಳಿಕೆಯನ್ನು ಹೊಸದಾಗಿ ಪಡೆಯಿರಿ. ಮೊಹರು ಹಾಕಿದವರೇ ತನಿಖೆ ಮಾಡುವುದು ಎಷ್ಟು ಸರಿ ಎಂದು ತಾವೇ ಒಮ್ಮೆ ಯೋಚಿಸಿ. ಇನ್ನು ಮುಂದೆ ಯಾರಾದರೂ ಹುದುಗುತ್ತಿರುವ ಸೀಸೆ ಹಿಡಿದು ಬಂದು ‘ಬಿಗಿ ಮಾಡಬೇಡಿ’ ಎಂದರೆ, ನಗುವ ಮೊದಲು ಒಮ್ಮೆ ಕಿವಿ ಇಟ್ಟು ನೋಡಲು ಹೇಳಿ. ತಮ್ಮ ಗುಮಾಸ್ತೆಯ ಇನ್ನೊಂದು ಕೈ ಇನ್ನೂ ಚೆನ್ನಾಗಿದೆ.

ವಿಚಾರಣೆಗೆ ಅತ್ತೆ ಬರುತ್ತಾರೆ. ತಮಗೆ ಅನುಕೂಲವಾಗಲೆಂದು ನನ್ನ ರೋಗಿಗಳ ಮನೆಯವರಿಗೆ ಹೇಳುವುದನ್ನೇ ತಮಗೂ ಹೇಳುತ್ತೇನೆ. ಅವರ ಎಡಗಡೆ ಕೂತುಕೊಳ್ಳಿ. ಬೆಳಕು ತಮ್ಮ ಮುಖದ ಮೇಲೆ ಬೀಳುತ್ತಿರಲಿ. ಫ್ಯಾನು ನಿಲ್ಲಿಸಿ. ಕಿರುಚಬೇಡಿ, ಕಿರುಚಿದರೆ ಸಿಟ್ಟು ಮಾತ್ರ ಕೇಳಿಸುತ್ತದೆ. ನಿಧಾನವಾಗಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಬಾಯಿಗೆ ಏನನ್ನೂ ಅಡ್ಡ ಹಿಡಿಯಬೇಡಿ. ಹುಳಿವಾಸನೆ ಸಹಿಸಲಾಗದಿದ್ದರೂ ಸ್ವಲ್ಪ ಹೊತ್ತು ಸಹಿಸಿ. ಅವರು ನಗುತ್ತ ತಲೆಯಾಡಿಸಿದರೆ ಬರೆದುಕೊಳ್ಳಬೇಡಿ. ಲೇಖನಿ ಕೆಳಗಿಟ್ಟು, ಇನ್ನೊಮ್ಮೆ ಕೇಳಿ.

ಇಂತಿ,
ಊರವರ ಕಿವಿಗಳ ಗುಟ್ಟು ಕಾಯುವ ಕೆಲಸದಲ್ಲಿದ್ದು, ತನ್ನ ಮನೆಯವರ ಕಿವಿಯ ಗುಟ್ಟನ್ನು ಊರಿಗೆಲ್ಲ ಹೇಳಬೇಕಾಗಿ ಬಂದ
ಒಬ್ಬ ಸೊಸೆ

(ಓದಿ ನೋಡಿದ್ದೇನೆ. ಇವಳು ಬರೆದದ್ದು ಸರಿಯಾಗಿದೆ. ಇದಕ್ಕೆ ಮಾತ್ರ ನಾನು ಹ್ಞೂಂ ಅಂದಿದ್ದೇನೆ. — ಅತ್ತೆ)